ದೀಪದ ಗುಂಡಿಗೆ ಕೆಂಡ ಹೊತ್ತವರು

ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಹೋಗುವ ಬಂಡಿದಾರಿ ಬಿಟ್ಟು ಒಳಗೆ ಬಂದರೆ, ಹುಲ್ಲುಗಾವಲು ಮುಗಿದು ಕಲ್ಲುಗುಡ್ಡ ಶುರುವಾಗುವ ಕಡೆ ನಮ್ಮ ಊರು. ಊರ ಹಿಂದಿನ ಗುಡ್ಡದ ನೆತ್ತಿಯಲ್ಲಿ ಒಂದರ ಮೇಲೊಂದು ಕೂತ ಬಂಡೆಗಳಿವೆ. ಅದನ್ನು ದೀಪದ ಗುಂಡು ಎನ್ನುತ್ತಾರೆ. ದೂರದಿಂದ ನೋಡುವವರಿಗೆ ಅದು ದೊಡ್ಡದಾಗಿ ಕಾಣುವುದಿಲ್ಲ. ಅದರ ಬುಡದಲ್ಲಿ ನಿಂತು ತಲೆ ಎತ್ತಿದವರು ಹಾಗೆ ಹೇಳುವುದಿಲ್ಲ.

ಕಾರ್ತಿಕ ಹುಣ್ಣಿಮೆಯ ಸಂಜೆ ಆ ಗುಂಡಿನ ತುದಿಯಲ್ಲಿ ದೀಪ ಹಚ್ಚಬೇಕು. ಅದು ಕಂಡ ಮೇಲೆಯೇ ಸುತ್ತಲಿನ ಹಟ್ಟಿಗಳವರು ತಮ್ಮ ಬಾಗಿಲಿಗೆ ದೀಪ ಇಡುತ್ತಿದ್ದರು. ದೀಪಕ್ಕೆ ಬೆಂಕಿಕಡ್ಡಿ ಗೀರುವಂತಿರಲಿಲ್ಲ. ಊರ ಗುಡಿಯಿಂದ ಕೆಂಡ ಒಯ್ಯಬೇಕು. ಕೆಂಡ ಹೊತ್ತು ಬಂಡೆಗೆ ಕಾಲಿಟ್ಟ ಮೇಲೆ ದೀಪ ಹತ್ತುವ ತನಕ ಮಾತಾಡುವಂತಿಲ್ಲ. ಜೊತೆಗೆ ಹತ್ತುವವನೂ ಅಷ್ಟೇ. ಮಾತಾಡಿದರೆ ಕೆಂಡ ಕೆಟ್ಟಿತು ಎಂದು ಲೆಕ್ಕ. ಇಳಿದು ಗುಡಿಗೆ ಹೋಗಿ ಬೇರೆ ಕೆಂಡ ತರಬೇಕು, ಅಷ್ಟರಲ್ಲಿ ಹೊತ್ತು ಮೀರಿರುತ್ತದೆ. ಇನ್ನೊಂದು ಕಟ್ಟಳೆಯೂ ಇತ್ತು. ಕೆಂಡದ ತಂಬಿಗೆ ಬಂಡೆಯ ಮೇಲೆ ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ಹೋದರೆ ಅದು ಹಿಂದಕ್ಕೆ ಬರುವುದಿಲ್ಲ. ಮುಂದಿನ ವರ್ಷದಿಂದ ಹತ್ತುವವನು ಅವನೇ.

ನನ್ನ ಅವ್ವನ ಅಣ್ಣ, ನನ್ನ ಸೋದರಮಾವ, ಹರೆಯದಿಂದಲೂ ಆ ತಂಬಿಗೆ ಹೊತ್ತವರು. ಅವರ ಬಲಗಾಲಿನ ಮಂಡಿ ಕೆಟ್ಟು ಎರಡು ಮಳೆಗಾಲ ಕಳೆದಿತ್ತು. ಅವರಿಗೆ ಇದ್ದವರು ಹೆಣ್ಣುಮಕ್ಕಳು. ನಾನಾಗ ಮೈಸೂರಿನ ಕುದುರೆಪಡೆಯಲ್ಲಿ, ಅಂದರೆ ರಿಸಾಲೆಯಲ್ಲಿ, ಸವಾರ. ರಜೆಯ ಮೇಲೆ ಊರಿಗೆ ಬಂದಿದ್ದೆ. ಲಾಯದ ಕೆಲಸ ಕಲಿತವನಿಗೆ ರಜೆಯಲ್ಲೂ ಕೋಳಿ ಕೂಗುವ ಮುಂಚೆ ಎಚ್ಚರವಾಗುತ್ತದೆ. ಹುಣ್ಣಿಮೆಯ ದಿನ ಬೆಳಿಗ್ಗೆ ಮಾವನ ಮನೆಗೆ ಹೋದಾಗ ಅಲ್ಲಿ ಜಗಳ ಆಗಲೇ ಅರ್ಧ ಮುಗಿದಿತ್ತು.

"ಜಗಲಿ ಇಳಿಯಾಕೆ ಗೋಡೆ ಹಿಡೀತಾರೆ, ಗುಂಡು ಹತ್ತತಾರಂತೆ," ಎಂದರು ಅತ್ತೆ. ಅವರು ರಾಯದುರ್ಗದ ಕಡೆಯವರು, ಸಿಟ್ಟು ಬಂದರೆ ತೆಲುಗು. "ಮೀಕು ಬುದ್ಧಿ ರಾದು." ನಿಮಗೆ ಬುದ್ಧಿ ಬರುವುದಿಲ್ಲ ಎಂದು.

"ಜಗಲಿ ಬ್ಯಾರೆ, ಗುಂಡು ಬ್ಯಾರೆ," ಎಂದರು ಮಾವ. "ಜಗಲಿ ಕಟ್ಟಿದೋನು ನಿಮ್ಮಪ್ಪ. ಅದಕ್ಕೇ ಜಾರತೈತೆ."

ಅತ್ತೆ ನನ್ನ ಕಡೆ ತಿರುಗಿದರು. "ನೀನೂ ಹಿಂದಿಂದೆ ಹೋಗಪ್ಪ. ಬೀಳೋದಾದ್ರೆ ನಿನ್ ಮ್ಯಾಲೆ ಬೀಳ್ಲಿ. ಸರ್ಕಾರ ತಿನ್ಸಿ ಬೆಳೆಸೈತೆ, ತಡ್ಕೊಂತೀಯ."

"ಬರ್ಲಿ ಬಿಡು," ಎಂದರು ಮಾವ. "ಕುದುರೆ ಮ್ಯಾಲೆ ಕುಂತು ಕುಂತು ಕಾಲು ಐತೋ ಇಲ್ಲೋ ನೋಡಾನ."

ತಂಬಿಗೆ ತಾಮ್ರದ್ದು. ಒಳಗೆ ಹುತ್ತದ ಮಣ್ಣು ಮೆತ್ತಿ, ಅದರ ಮೇಲೆ ಬೂದಿ ಹರಡಿ, ನಡುವೆ ಕಮರದ ಕಟ್ಟಿಗೆಯ ಕೆಂಡ ಇಟ್ಟು, ಮೇಲೆ ಮತ್ತೆ ಬೂದಿ ಮುಚ್ಚಬೇಕು. ಕಮರದ ಕೆಂಡ ನಿಧಾನ; ಬೂದಿಯೊಳಗೆ ಬಹಳ ಹೊತ್ತು ಬದುಕಿರುತ್ತದೆ. ತಂಬಿಗೆಯ ಕೊರಳಿಗೆ ಉಣ್ಣೆಯ ಹುರಿ ಕಟ್ಟುತ್ತಿದ್ದರು, ಅದು ಬೇಗ ಬೆಂಕಿ ಹಿಡಿಯುವುದಿಲ್ಲ. ಹರಳೆಣ್ಣೆ ಬೇರೆ ಸೋರೆಬುರುಡೆಯಲ್ಲಿ. ಹಣತೆ ಮತ್ತು ಬತ್ತಿಯನ್ನು ಗುಂಡಿನ ತುದಿಯ ಕಲ್ಲಿನ ಗೂಡಿನಲ್ಲಿ ಹಿಂದಿನ ದಿನವೇ ಇಟ್ಟಿರಬೇಕು ಎಂದು ನಾನು ತಿಳಿದಿದ್ದೆ. ಹಾಗಲ್ಲ, ಅದನ್ನೂ ಸೊಂಟಕ್ಕೆ ಕಟ್ಟಿಕೊಂಡೇ ಹೋಗಬೇಕು. ಒಂದೇ ಹತ್ತುವಿಕೆಯಲ್ಲಿ ಎಲ್ಲವೂ ಆಗಬೇಕು. ಈ ಕ್ರಮ ನನಗೆ ಹಿಡಿಸಿತು.

ಹೊತ್ತು ಇಳಿಯುವಾಗ ಬಂಡೆಯ ಬುಡ ಸೇರಿದೆವು. ಮಾವ ಪಾದ ತೊಳೆದು, ಪಂಚೆಯ ಚುಂಗಿನಿಂದ ಒರೆಸಿ, ಒಣ ಮಣ್ಣು ತಿಕ್ಕಿಕೊಂಡರು. ನಾನೂ ಹಾಗೇ ಮಾಡಿದೆ. ಆಮೇಲೆ ಅವರು ಮಾತು ಇರುವಾಗಲೇ ಎಲ್ಲ ಹೇಳಿ ಮುಗಿಸಿದರು.

"ಮೊದಲು ಜಾರುಬಂಡೆ. ಅಲ್ಲಿ ಕೈ ಊರಬ್ಯಾಡ, ನೆಟ್ಟಗೆ ನಿಂತು ನಡಿ. ಬಗ್ಗಿದೋನೇ ಜಾರೋದು. ಆಮ್ಯಾಲೆ ಸಂದು. ಬೆನ್ನು ಒಂದು ಬಂಡೆಗೆ, ಕಾಲು ಇನ್ನೊಂದಕ್ಕೆ. ಸಂದು ದಾಟಿದ್ರೆ ಜಗಲಿಯಂಗೈತೆ, ಉಸಿರು ತಗ. ಕೊನೇಗೆ ಗ್ವಾಡೆ. ಬೆರಳಿಡಾಕೆ ಸೀಳೈತೆ, ಎಡಗಡೆಯಿಂದ ಹಿಡಿ. ಬಲಗಡೆ ಚೆಂದ ಕಾಣತೈತೆ, ಹೋಗಬ್ಯಾಡ."

"ಆತು ಮಾವ."

"ಇನ್ ಬಾಯಿ ಮುಚ್ಚು."

ಜಾರುಬಂಡೆಯಲ್ಲಿ ಅವರು ನನಗಿಂತ ಚೆನ್ನಾಗಿ ನಡೆದರು. ಮಂಡಿ ನೋವು ಇದ್ದದ್ದು ನೆಲದ ಮೇಲಷ್ಟೇ ಎಂಬಂತಿತ್ತು. ಬಿಸಿಲು ಕುಡಿದ ಕಲ್ಲು ಅಂಗಾಲಿಗೆ ಬೆಚ್ಚಗೆ ಹತ್ತುತ್ತಿತ್ತು. ಹಿಂತಿರುಗಿ ನೋಡಿದರೆ ಸಜ್ಜೆ ಕೊಯ್ದ ಹೊಲಗಳು, ಅದರಾಚೆ ಒಣಗಿ ಬಿಳುಪಾದ ಹುಲ್ಲು, ಕೆಳಗೆ ಗುಡಿಯ ಮುಂದೆ ಸೇರಿದ ಜನ. ನಾನು ಹೆಚ್ಚು ನೋಡಲಿಲ್ಲ.

ಸಂದಿನಲ್ಲಿ ಬೆನ್ನು ಕಲ್ಲಿಗೆ ಒತ್ತುವುದರಿಂದ ತಂಬಿಗೆಯನ್ನು ಬೆನ್ನ ಮೇಲೆ ಇಟ್ಟುಕೊಳ್ಳುವಂತಿಲ್ಲ. ಅದನ್ನು ಸೊಂಟದಿಂದ ಕೆಳಕ್ಕೆ ಇಳಿಬಿಟ್ಟು ಹತ್ತಬೇಕು. ಹಾಗಾಗಿ ಮಾವ ಮೇಲೆ, ನಾನು ಕೆಳಗೆ, ನಡುವೆ ತಂಬಿಗೆ. ಅದು ಒಂದೊಂದು ಗೇಣು ಮೇಲೇರುತ್ತಿತ್ತು. ಅರ್ಧ ಸಂದಿಗೆ ಬಂದಾಗ ನಿಂತಿತು. ಉಸಿರು ತೆಗೆದುಕೊಳ್ಳುತ್ತಿದ್ದಾರೆ ಎಂದುಕೊಂಡೆ. ಆಮೇಲೆ ತಂಬಿಗೆ ನಡುಗತೊಡಗಿತು. ಬೂದಿ ನನ್ನ ಹಣೆಯ ಮೇಲೆ ಉದುರಿತು. ಅವರ ಕಾಲಿನ ನಡುಕ ಹುರಿಯಲ್ಲಿ ಇಳಿದು ಬರುತ್ತಿತ್ತು.

ಬೇರೆ ಯಾವ ಊರಿನವನಾದರೂ ಕೂಗುತ್ತಿದ್ದ. ಮಾವ ಕೂಗಲಿಲ್ಲ. ಕೂಗಿದರೆ ಆ ವರ್ಷದ ದೀಪ ಹೋಯಿತು. ನಾನು "ಏನಾತು" ಎಂದು ಕೇಳಿದರೂ ಹೋಯಿತು. ಕೇಳದೆ ಇದ್ದರೆ ಅವರೇ ಹೋಗುತ್ತಾರೆ, ಜೊತೆಗೆ ನಾನು. ಈಗ ಯೋಚಿಸಿದರೆ ಅದು ಹುಚ್ಚು ಎನಿಸುತ್ತದೆ. ಆಗ ಮಾತಾಡಬಹುದು ಎಂಬ ಯೋಚನೆ ಇಬ್ಬರಿಗೂ ಬರಲಿಲ್ಲ.

ಕುದುರೆ ತನಗೆ ಎಲ್ಲಿ ನೋವು ಎಂದು ಹೇಳುವುದಿಲ್ಲ, ಕೈಯಿಟ್ಟು ತಿಳಿಯಬೇಕು. ತಂಬಿಗೆಯನ್ನು ಪಕ್ಕಕ್ಕೆ ಸರಿಸಿ ಮೇಲೇರಿ ಅವರ ಬಲಗಾಲಿನ ಮೀನಖಂಡ ಹಿಡಿದೆ. ಬಂಡೆಯಷ್ಟೇ ಗಟ್ಟಿಯಾಗಿತ್ತು. ಒಂದು ಕೈಯಲ್ಲಿ ಆದಷ್ಟು ತಿಕ್ಕಿದೆ. ಸಡಿಲವಾಗಲಿಲ್ಲ. ಆಗ ಎರಡು ಬಂಡೆಗೂ ಕಾಲು ಊರಿ ನಿಂತು, ಅವರ ತೊಡೆಯ ಕೆಳಗೆ ಹೆಗಲು ಕೊಟ್ಟೆ. ಅವರು ಕೈಚಾಚಿ ನನ್ನ ತಲೆಯನ್ನು ಕೆಳಕ್ಕೆ ಒತ್ತಿದರು. ನಾನು ಮತ್ತೆ ಹೆಗಲು ಕೊಟ್ಟೆ. ಮತ್ತೆ ಒತ್ತಿದರು, ಕೂದಲು ಹಿಡಿದು ಎಳೆದರು ಕೂಡ. ನಾನು ಅವರ ತೊಡೆ ಚಿವುಟಿದೆ. ಅಳಿಯನಾದವನು ಮಾವನಿಗೆ ಮಾಡುವ ಕೆಲಸವಲ್ಲ ಅದು. ಕೊನೆಗೆ ಅವರ ಭಾರ ನನ್ನ ಹೆಗಲಿಗೆ ಬಂತು, ಒಂದು ಮೂಟೆ ಇಳಿಸಿದ ಹಾಗೆ. ಗೇಣು ಗೇಣಾಗಿ ಇಬ್ಬರೂ ಮೇಲೆ ಬಂದೆವು.

ಸಂದಿನ ಮೇಲಿನ ಕಟ್ಟೆಯಲ್ಲಿ ಅವರು ಕಾಲು ಚಾಚಿ ಕೂತರು. ಪಾದವನ್ನು ಕೈಯಿಂದ ಹಿಂದಕ್ಕೆ ಎಳೆದುಕೊಂಡರು, ಎದ್ದರು, ಗೋಡೆಯ ಸೀಳಿಗೆ ಬೆರಳಿಟ್ಟರು, ಬಲಗಾಲು ಎತ್ತಿದರು. ಅದು ಮೊಣಕಾಲ ಎತ್ತರಕ್ಕೂ ಏಳಲಿಲ್ಲ. ಇನ್ನೊಮ್ಮೆ ಎತ್ತಿದರು. ಸೂರ್ಯ ಗುಡ್ಡಗಳ ಹಿಂದೆ ಇಳಿದಿದ್ದ. ಕೆಳಗೆ ಗುಡಿಯ ಮುಂದಿನ ಜನ ಎಲ್ಲರೂ ಮೇಲೆ ನೋಡುತ್ತಿದ್ದರು. ಮುಖ ಕಾಣದಿದ್ದರೂ ನಿಂತ ರೀತಿಯಲ್ಲಿ ಅದು ತಿಳಿಯುತ್ತಿತ್ತು.

ನಾನು ಕೈಚಾಚಲಿಲ್ಲ. ಚಾಚಿದ್ದರೆ ತಂಬಿಗೆ ಕೇಳಿದ ಹಾಗೆ. ಗೋಡೆಗೆ ಬೆನ್ನು ಹಾಕಿ ಊರ ಕಡೆ ಮುಖ ಮಾಡಿ ನಿಂತೆ. ಸ್ವಲ್ಪ ಹೊತ್ತಿನಲ್ಲಿ ಬೆನ್ನಿಗೆ ಬಿಸಿ ತಾಗಿತು. ಮಾವ ಹುರಿಯನ್ನು ನನ್ನ ಕೊರಳಿಗೆ ಹಾಕಿ, ತೋಳಿನಡಿಯಿಂದ ತಂದು ಗಂಟು ಬಿಗಿಯುತ್ತಿದ್ದರು. ಗಂಟನ್ನು ಎಳೆದು ನೋಡಿದರು. ಬಿಚ್ಚಿ ಮತ್ತೊಮ್ಮೆ ಕಟ್ಟಿದರು. ಬುರುಡೆ, ಹಣತೆ, ಬತ್ತಿ ನನ್ನ ಸೊಂಟಕ್ಕೆ ಕಟ್ಟಿ, ಗೋಡೆಯ ಎಡಗಡೆಗೆ ನನ್ನನ್ನು ತಳ್ಳಿದರು.

ಸೀಳು ಅವರು ಹೇಳಿದಲ್ಲೇ ಇತ್ತು. ನಡುವೆ ಒಂದು ಕಡೆ ಹಿಡಿತ ಸಿಗದೆ ಕೈ ಬಲಕ್ಕೆ ಹೋಯಿತು. ಕೆಳಗಿನಿಂದ ಒಂದು ಬೆಣಚುಕಲ್ಲು ಬಂದು ನನ್ನ ಹಿಮ್ಮಡಿಗೆ ಬಡಿಯಿತು. ಕೈ ಎಡಕ್ಕೆ ತಂದೆ.

ಮೇಲೆ ಗಾಳಿ ಇತ್ತು. ಗೂಡಿನಲ್ಲಿ ಹಣತೆ ಇಟ್ಟು, ಎಣ್ಣೆ ಹೊಯ್ದು, ಬೂದಿ ಕೆದಕಿದೆ. ಕೆಂಡ ಇನ್ನೂ ಇತ್ತು. ಹಣತೆಯ ಜೊತೆ ಕಟ್ಟಿ ತಂದಿದ್ದ ಒಣ ಹುಲ್ಲಿನ ಸಿಂಬೆಗೆ ಇಟ್ಟು ಊದಿ ಬತ್ತಿಗೆ ಹಿಡಿಸಿದೆ. ದೀಪ ನಿಂತಿತು.

"ಹತ್ಕೊಂತು ಮಾವ," ಎಂದೆ. ನನ್ನ ದನಿ ನನಗೇ ದೊಡ್ಡದೆನಿಸಿತು.

"ನಂಗೇನು ಕಣ್ಣಿಲ್ವೇನಲೇ," ಎಂದು ಕೆಳಗಿನಿಂದ ಬಂತು. "ಬತ್ತಿ ಒಳಕ್ಕೆಳಿ, ಎಣ್ಣೆ ವಸಿ ಹೊತ್ನಾಗೆ ಕುಡಿದುಬಿಡತೈತೆ. ಮತ್ತೆ ಚಿವುಟಿದ್ದು ಯಾರಿಗೆ ಅಂತ ಗೊತ್ತೈತಾ?"

"ನೀವೂ ಕೂದಲು ಎಳೆದ್ರಲ್ರಿ."

"ಕೂದಲು ಬರತೈತೆ."

ಗುಡಿಯ ಮುಂದೆ ಮೊದಲ ದೀಪ ಕಂಡಿತು, ಆಮೇಲೆ ಹಟ್ಟಿಗಳಲ್ಲಿ ಅಲ್ಲೊಂದು ಇಲ್ಲೊಂದು. ಚಂದ್ರ ಬಂದಿದ್ದರಿಂದ ಇಳಿಯಲು ಬೆಳಕಿತ್ತು. ಊರಿನವರು ಬಾವಿಯ ಹಗ್ಗ ತಂದು ಸಂದಿನಲ್ಲಿ ಮಾವನನ್ನು ಇಳಿಸಿಕೊಂಡರು. ಅವರು ದಾರಿಯುದ್ದಕ್ಕೂ ಮಾತಾಡಿದರು: ಹಗ್ಗ ಹಿಡಿದವರಿಗೆ ಹಿಡಿಯಲು ಬರುವುದಿಲ್ಲ, ಗಂಟು ಎಮ್ಮೆಗೆ ಹಾಕುವ ಗಂಟು, ಎಲ್ಲಕ್ಕೂ ಬೈಗುಳ. ತಂಬಿಗೆಯ ಮಾತು ಎತ್ತಲಿಲ್ಲ. ಅತ್ತೆ ಬಾಗಿಲಲ್ಲಿ ನಿಂತು ಅದು ಯಾರ ಕೊರಳಲ್ಲಿದೆ ಎಂದು ನೋಡಿದರು.

"ಮಗಳ್ನ ಕೊಡ್ತೀವಿ ಅಂದ್ರೆ ಒಲ್ಲೆ ಅಂದೆ," ಎಂದರು. "ತಂಬಿಗೆ ಮಾತ್ರ ತಗೊಂಡ್ಯಾ?"

ಮಾರನೆಯ ದಿನ ಅದನ್ನು ನಮ್ಮ ಮನೆಗೆ ತರಬೇಕಿತ್ತು. ನಾನು ಎತ್ತಿಕೊಳ್ಳಲು ಹೋದಾಗ ಮಾವ ಕಸಿದುಕೊಂಡರು. "ಬಂಡೆ ಮ್ಯಾಲೆ ನೀನು ಹೊರು, ಬಯಲಾಗೆ ನಾನೇ ಹೊರ್ತೀನಿ." ಕುಂಟುತ್ತಾ ಊರ ನಡುವೆ ಎಲ್ಲರಿಗೂ ಕಾಣುವ ಹಾಗೆ ಹೊತ್ತು ತಂದು, ನಮ್ಮ ಅವ್ವನ ಅಡುಗೆಮನೆಯ ಗೂಡಿನಲ್ಲಿ ಇಟ್ಟು, ಅದು ನೆಟ್ಟಗೆ ಕೂತಿದೆಯೇ ಎಂದು ಎರಡು ಸಲ ತಿರುಗಿಸಿ ನೋಡಿದರು.

"ಬರೋ ಕಾರ್ತಿಕಕ್ಕೆ ರಜೆ ಕೊಡ್ತಾರೇನಲೇ?" ಎಂದರು, ನನ್ನ ಕಡೆ ನೋಡದೆ.

"ಕೇಳಿ ನೋಡ್ತೀನಿ ಮಾವ."

"ಕೇಳಿ ನೋಡೋದಲ್ಲ. ಬರ್ತೀಯ."

"ಬರ್ತೀನ್ರಿ."

ಅವರು ಜಗಲಿಗೆ ಹೋಗಿ ಕೂತು, ಮಂಡಿಗೆ ಹರಳೆಣ್ಣೆ ಬಿಸಿ ಮಾಡಿ ತರಲು ಅವ್ವನಿಗೆ ಹೇಳಿದರು.