ಗದ್ದೆಮ್ಮನ ಎದೆಯಲ್ಲಿದ್ದದ್ದು ಗ್ಯಾಸ್ ಅಲ್ಲ

ಹೃದಯದ ಮೇಲಿನ ಕೋಣೆಗಳು ಲಯ ತಪ್ಪಿ ಅದುರುತ್ತಲೇ ಇದ್ದರೆ ಹಿಗ್ಗುತ್ತವೆ. ಅವುಗಳ ಮೆತ್ತನೆಯ ಮಾಂಸದ ನಡುವೆ ನಾರಿನಂಥ ಕಲೆ ಬೆಳೆಯುತ್ತದೆ. ಬೆಳೆದ ಕಲೆ ಮತ್ತೆ ಮಾಂಸವಾಗುವುದು ಅಪರೂಪ.

ದೇವದುರ್ಗದ ಗದ್ದೆಮ್ಮನಿಗೆ ಇದನ್ನು ಯಾರೂ ಹೇಳಲಿಲ್ಲ. ಹತ್ತಿ ಬಿಡಿಸುವ ಹೆಣ್ಣಾಳುಗಳಿಗೆ ಅವಳೇ ಮುಂದಾಳು. ಅವಳು ಕೂಗಿದರೆ ಓಣಿಯ ಹೆಂಗಸರೆಲ್ಲ ಬುತ್ತಿ ಕಟ್ಟಿಕೊಂಡು ಟಂಟಂ ಆಟೋ ಹತ್ತಬೇಕು. ಅಂಥವಳ ಎದೆ ಒಮ್ಮೊಮ್ಮೆ ಸಾಲಿನ ನಡುವೆಯೇ ಹಂಚಿನ ಮೇಲಿನ ಜೋಳದಂತೆ ಚಟಪಟ ಸಿಡಿಯುತ್ತಿತ್ತು. ತಾನು ಕೂತರೆ ಗುಂಪೂ ಕೂರುತ್ತದೆಂದು ಸಂಜೆವರೆಗೆ ತಡೆದುಕೊಂಡು, ಮರಳುವಾಗ ಸುಭಾಷನ ಕ್ಲಿನಿಕ್ಕಿನ ಮುಂದೆ ಇಳಿಯುತ್ತಿದ್ದಳು.

ಸುಭಾಷ ಪಕ್ಕದ ಮನೆಯ ಮಾಳಿಂಗಪ್ಪನ ಮಗ. ತಾಯಿಯಿಲ್ಲದ ಅವನಿಗೆ ರೊಟ್ಟಿ ಬಡಿದು ಹಾಕಿ ಬೆಳೆಸಿದವಳೇ ಗದ್ದೆಮ್ಮ. ರಾಯಚೂರಿನಲ್ಲಿ ಕಾಂಪೌಂಡರ್ ಆಗಿದ್ದು ಬಂದು, ಊರಲ್ಲಿ ಡಾಕ್ಟರೆಂದು ಬೋರ್ಡು ಹಾಕಿದ್ದ. ಅವಳ ನಾಡಿ ಹಿಡಿದು, ಬಿಟ್ಟು, ಮತ್ತೊಮ್ಮೆ ಹಿಡಿದು ನೋಡಿ, ಆಮೇಲೆ ನಗುತ್ತಿದ್ದ.

“ಅತ್ತೀ, ಖಾಲಿ ಹೊಟ್ಟೀಲಿ ಮಿರ್ಚಿ ತಿಂತಿ. ಗ್ಯಾಸ್ ಏರ್ಯಾದ. ಸೂಜಿ ಮಾಡ್ತೀನಿ, ಸುಮ್ನ ಮಲಕ್ಕೋ.”

ಸ್ವಲ್ಪ ಹೊತ್ತಿಗೆ ಎದೆ ತಣ್ಣಗಾಗುತ್ತಿತ್ತು. ಈ ರೋಗ ಮೊದಮೊದಲು ತಾನಾಗೇ ಬರುತ್ತದೆ, ತಾನಾಗೇ ಹೋಗುತ್ತದೆ. ಹೆಸರು ಮಾತ್ರ ಸೂಜಿಗೆ ಬಂತು. “ನಮ್ಮ ಸುಭಾಷನ ಕೈಗುಣ ನೋಡ್ರೆವ್ವಾ!” ಎನ್ನುತ್ತಾ ಇಡೀ ಗುಂಪನ್ನೇ ಅವನ ಬಾಗಿಲಿಗೆ ತಂದು ಕೂಡಿಸಿದಳು.

ಈ ಸಲ ಹತ್ತಿಯ ಕಾಲಕ್ಕೆ ಬಡಿತ ನಿಲ್ಲಲೇ ಇಲ್ಲ. ಕಾಲು ಊದಿದವು. ಮಗಳು ಯಶೋಧಾ ಹಟ ಮಾಡಿ ರಾಯಚೂರಿನ ಬಸ್ಸು ಹತ್ತಿಸಿದಳು. ಸ್ಕ್ಯಾನಿಂಗ್ ನೋಡಿದ ಹೃದಯದ ಡಾಕ್ಟರು ಮುಚ್ಚುಮರೆ ಮಾಡಲಿಲ್ಲ.

“ಮ್ಯಾಲಿನ ಖೋಲಿ ಬಾಳ ಹಿಗ್ಗ್ಯಾವ ಯವ್ವಾ. ಇಷ್ಟು ಹಿಗ್ಗಿದ ಮ್ಯಾಲ ಒಳಗ ನಾರಿನಂಥ ಕಲಿನೂ ಬಿದ್ದಿರ್ತಾವ. ಮೊದಲ ಬಂದಿದ್ರ ಬಡಿತ ದಾರಿಗೆ ತರಬಹುದಿತ್ತು. ಈಗ ಕಷ್ಟ. ರಕ್ತ ಹೆಪ್ಪುಗಟ್ಟದಂಗ ಗುಳಿಗಿ ಕೊಡ್ತೀನಿ, ತಪ್ಪಿಸಬ್ಯಾಡ. ಹೊಲದ ಕೆಲಸ ಸಾಕು.”

ಹೊರಗೆ ಬೆಂಚಿನ ಮೇಲೆ ಮಾಳಿಂಗಪ್ಪ ಕೂತಿದ್ದ, ಅದೇ ಡಾಕ್ಟರಿಗೆ ತೋರಿಸಲು.

“ಏ ಗದ್ದೆವ್ವಾ, ನೀನೂ ಬಂದೇನು? ಊರಾಗ ಯಾರಿಗೂ ಹೇಳಿಲ್ಲ, ಹೋದ ವರ್ಷ ನನ್ನ ಎದಿನೂ ದಡದಡ ಅಂತಿತ್ತು ನೋಡು. ನಮ್ಮ ಸುಭಾಷ ನಾಡಿ ಹಿಡಿದಾವನ, ‘ಯಪ್ಪಾ, ಇದು ಹಾರ್ಟಿಂದು, ಏಳು’ ಅಂದ. ಉಣ್ಣಾಕೂ ಬಿಡಲಿಲ್ಲ, ಕಾರು ಮಾಡಿ ಇಲ್ಲಿಗೇ ತಂದ. ಎದಿಗೆ ಕರೆಂಟ್ ಕೊಟ್ಟು ಬಡಿತ ಸರಿ ಮಾಡಿದ್ರು. ಈಗ ಹೋರಿ ಹಂಗ ಅದೀನಿ!”

“ನಿನಗ ಗ್ಯಾಸಿನ ಸೂಜಿ ಮಾಡಲಿಲ್ಲೇನಣ್ಣಾ?”

“ಹುಚ್ಚೀ, ಇದಕ್ಕ ಗ್ಯಾಸಿನ ಸೂಜಿ ಯಾರು ಮಾಡ್ತಾರ?”

ಬೈಯಲು ಬಾಯಿ ತೆರೆದ ಯಶೋಧಾಳ ಕೈಯನ್ನು ತಾಯಿ ಅದುಮಿ ಹಿಡಿದಳು. “ಅಣ್ಣಗ ಏನೂ ಗೊತ್ತಿಲ್ಲ, ಬಿಡು. ಗೊತ್ತಿದ್ದಾಂವ ಊರಾಗ ಕುಂತಾನ.”

ಕೂತೇ ಇದ್ದಾನೆ. ಅವಳ ಗುಂಪಿನ ಹೆಂಗಸರು ಇವತ್ತೂ ಅವನಿಗೆ ತೋಳು ಒಡ್ಡುತ್ತಿದ್ದಾರೆ. ಇದನ್ನು ಓದುತ್ತಿರುವ ನಿಮ್ಮ ಮನೆಯಲ್ಲಿ ಯಾರದಾದರೂ ಎದೆ ಅಡ್ಡಾದಿಡ್ಡಿ ಬಡಿಯುತ್ತಿದೆಯೇ? ಬಡಿಯುತ್ತಿರುವಾಗಲೇ ಆಸ್ಪತ್ರೆಗೆ ಕರೆದೊಯ್ದು ಇಸಿಜಿ ತೆಗೆಸಿ. ಗ್ಯಾಸ್ ಎಂದು ಸೂಜಿ ಎತ್ತಿದವನನ್ನು ಮುಖಕ್ಕೆ ಮುಖ ಕೊಟ್ಟು ಕೇಳಿ: ನಿನ್ನ ಅಪ್ಪನಿಗೂ ಇದನ್ನೇ ಚುಚ್ಚುತ್ತಿದ್ದೆಯಾ?