ಸೋಲುವ ಕೆಲಸ

ಮಹಾಪೆಯ ಗೇಮ್ ಕಂಪನಿಯೊಂದರಲ್ಲಿ ಆಟಗಾರರನ್ನು ಪರೀಕ್ಷಿಸುವುದು ನನ್ನ ಕೆಲಸ. ಪರದೆಯ ಮೇಲೆ ಅವರು ಸಾಕಿದ ಪ್ರಾಣಿಗಳ ಎದುರು ನನ್ನವನ್ನು ಕಾದಾಟಕ್ಕೆ ಬಿಡಬೇಕು. ನನ್ನನ್ನು ಸೋಲಿಸಿದವರಿಗೆ ಪದಕ. ಮೊದಮೊದಲು ಯಾರಿಗೂ ಪದಕ ಸಿಗಲಿಲ್ಲ.

ನಮ್ಮ ಉಡುಪಿಯವರೇ ಆದ ಮ್ಯಾನೇಜರ್ ಕರೆದು, "ಎಲ್ಲರನ್ನೂ ಸೋಲ್ಸಿದ್ರೆ ಆ್ಯಪ್ ಯಾರು ಇಟ್ಕೊಳ್ತಾರೆ ಮಾರಾಯ್ತಿ? ಮೂರನೇ ಸಲಕ್ಕೆ ಬಿಟ್ಟುಕೊಡು. ಅವರಿಗೆ ಗೊತ್ತಾಗ್ಬಾರ್ದು," ಎಂದರು.

ಬಿಟ್ಟುಕೊಟ್ಟೆ. ಅನುಮಾನ ಬಾರದಂತೆ ಕೂದಲೆಳೆಯ ಅಂತರದಲ್ಲಿ ಸೋಲುವುದು ಗೆಲ್ಲುವುದಕ್ಕಿಂತ ಕಷ್ಟ. ಹಾಳಾದ್ದು, ಅದನ್ನೂ ಕಲಿತೆ.

ಈ ವರ್ಷ ತಂಡದ ಮುಖ್ಯಸ್ಥರ ಹುದ್ದೆ ಖಾಲಿಯಾದಾಗ ನನಗೆ ಕೊಡಿ ಎಂದು ಕೇಳಿದೆ. ಪದಕ ಗೆದ್ದಿದ್ದ ಡೊಂಬಿವಲಿಯ ಆಟಗಾರನೊಬ್ಬನನ್ನು ಮ್ಯಾನೇಜರ್ ತಂದು ಕೂರಿಸಿದರು. ಯಾಕೆಂದು ಕೇಳಿದರೆ, ನಾಚಿಕೆಯಿಲ್ಲದೆ ಹೇಳಿದರು:

"ಅವ ನಿನ್ನನ್ನೇ ಸೋಲ್ಸಿದವ ಅಲ್ವಾ?"