ಒಂದು ರೋಲಿಗೆ ಹನ್ನೆರಡು

ಮೊನ್ನೆ ಅಂಗಿಗೆ ಗುಂಡಿ ಹೊಲಿಯಲು ಹೆಂಡತಿಯ ಸೂಜಿದಾರದ ಡಬ್ಬ ತೆಗೆದರೆ, ಕಪ್ಪು ದಾರ ಸುತ್ತಿಟ್ಟಿದ್ದ ಉರುಳೆಯೊಂದು ಕೈಗೆ ಸಿಕ್ಕಿತು. ಎರಡೂ ತುದಿಗೆ ತಗಡಿನ ಬಿಲ್ಲೆ. ನಿಮ್ಮ ಮನೆಯಲ್ಲೂ ಇದ್ದೀತು, ಹುಡುಕಿ ನೋಡಿ. ಅದು ದಾರಕ್ಕೆಂದು ಹುಟ್ಟಿದ್ದಲ್ಲ. ಹಳೆಯ ಡಬ್ಬಿ ಕ್ಯಾಮೆರಾದ ಫಿಲ್ಮ್ ಸುತ್ತಿಕೊಂಡು ಬರುತ್ತಿದ್ದ ಉರುಳೆ.

ಎಪ್ಪತ್ತರ ದಶಕದ ಒಂದು ಭಾನುವಾರ ಅಂಥ ಕ್ಯಾಮೆರಾ ಹಿಡಿದು ರಾಜಾಜಿನಗರದ ನಮ್ಮ ವಠಾರದ ಅಂಗಳದಲ್ಲಿ ನಿಂತಿದ್ದೆ. ಮೈಮೇಲೆ ಘಟಿಕೋತ್ಸವದ ಕಪ್ಪು ಗೌನು. ಎರಡೂ ಗೆಳೆಯನವು, ಸಂಜೆಯೊಳಗೆ ಹಿಂದಿರುಗಿಸಬೇಕು. ಬಿ.ಎಸ್ಸಿ. ಪಾಸಾಗಿದ್ದೆ, ನಮ್ಮ ವಂಶದಲ್ಲಿ ಹೈಸ್ಕೂಲು ದಾಟಿದ ಮೊದಲ ಪ್ರಾಣಿ. ಗೋಡೆಗೆ ಹಾಕುವಂಥ ನನ್ನ ಚಿತ್ರವೊಂದು ಬರಬೇಕು. ಅದಕ್ಕಿಂತ ದೊಡ್ಡ ವಿಷಯ ಆ ದಿನ ಭೂಮಿಯ ಮೇಲೆ ಇರಲಿಲ್ಲ.

ಕಾರ್ಖಾನೆಯ ಖಾಕಿ ಬಿಟ್ಟು ಬಿಳಿ ಪಂಚೆ ಉಟ್ಟಿದ್ದ ಅಪ್ಪ ಕೇಳಿದರು: "ಎಷ್ಟು ಫೋಟೋ ಬರ್ತದೋ ಇದ್ರಲ್ಲಿ?"

ಕೇಳಬಾರದಿತ್ತು. ಪದವೀಧರನ ಪಾಠ ಶುರುವಾಯಿತು. "ಅದು ಕ್ಯಾಮೆರಾ ಮೇಲೆ ಹೋಗುತ್ತಪ್ಪಾ. ರೋಲ್ ಉದ್ದ ಒಂದೇ. ಚಿತ್ರ ಅಗಲ ತೆಗೆಯೋದ್ರಲ್ಲಿ ಎಂಟು, ಚೌಕ ತೆಗೆಯೋ ಇದ್ರಲ್ಲಿ ಹನ್ನೆರಡು, ಸಣ್ಣದಾದ್ರೆ ಹದಿನಾರು."

"ಹದಿನಾರರದ್ದು ತರಬಾರದಾಗಿತ್ತಾ? ವಠಾರದಲ್ಲಿ ಜನ ಜಾಸ್ತಿ ಕಣೋ."

ಆಗಲೇ ಎಚ್ಚೆತ್ತುಕೊಳ್ಳಬೇಕಿತ್ತು. ನನ್ನ ಪರೀಕ್ಷೆಗೆಂದು ರೇಡಿಯೋ ಸದ್ದು ತಗ್ಗಿಸಿದವರು, ಅನ್ನ ಸಾರು ಕಳಿಸಿದವರು, ಎಲ್ಲರಿಗೂ ಒಂದೊಂದು ಫೋಟೋ ಎಂದು ಅಪ್ಪ ಮಾತು ಕೊಟ್ಟಾಗಿತ್ತು. ಬರಿಯ ಫೋಟೋ ಅಲ್ಲ, ಗೌನು ಹಾಕಿಕೊಂಡು! ಹಿಂಬದಿಯ ಕೆಂಪು ಕಿಂಡಿಯಲ್ಲಿ ಮುಂದಿನ ಅಂಕಿ ಮೂಡುವತನಕ ತಿರುಪು ತಿರುಗಿಸುವುದು ವಿಜ್ಞಾನ ಓದಿದವನಿಗೆ ಮಾತ್ರ ಸಾಧ್ಯವೆಂದು ನಾನೇ ಸಾರಿದ್ದರಿಂದ, ತೆಗೆಯುವವನು ನಾನು, ತೆಗೆಸಿಕೊಳ್ಳುವವರು ಊರೆಲ್ಲ. ಎದುರುಮನೆ ಗೌರಮ್ಮನವರು ಗೌನಿನ ಮೇಲೆ ಅವಲಕ್ಕಿ ಸರ ಎಳೆದುಕೊಂಡರು. ಬಸ್ ಕಂಡಕ್ಟರ್ ನಂಜಪ್ಪಣ್ಣ ಮೀಸೆ ತೀಡಿ, "ಈಗ ಅನ್ನೋ ನನ್ನ ಸಾರ್ ಅಂತ!" ಎಂದರು.

ಕಿಂಡಿಯಲ್ಲಿ ಹನ್ನೆರಡು ಮೂಡಿತು. "ಇದು ನಂದು," ಎಂದೆ, ಕೊಂಚ ಜೋರಾಗಿಯೇ. ಇನ್ನೊಂದು ರೋಲ್ ತರೋಣವೆಂದರೆ ಸ್ಟುಡಿಯೋ ಬಾಗಿಲು ಹಾಕಿತ್ತು. ಎಲ್ಲಿ ಒತ್ತಬೇಕೆಂದು ಅಪ್ಪನಿಗೆ ತೋರಿಸಿ, ಗೌನಿಗೆ ಕೈ ಚಾಚಿದೆ.

ಗೌನು ಅಮ್ಮನ ಕೈಯಲ್ಲಿತ್ತು. ಊದುಬತ್ತಿ ಹೊಸೆಯುವುದನ್ನು ಬಿಟ್ಟು ಆಗಷ್ಟೇ ಎದ್ದು ಬಂದಿದ್ದಳು. ಅಂಗೈ ತುಂಬ ಇದ್ದಿಲ ಮಸಿ. "ನಾನೂ ಒಂದ್ಸಲ ಹಾಕ್ಕೊಂಡು ನೋಡ್ಲಾ? ಮಸಿ ಕಾಣಲ್ಲ ಬಿಡು, ಇದೂ ಕಪ್ಪೇ ಅಲ್ವಾ?"

"ಒಂದೇ ಉಳಿದಿರೋದು ಕಣೇ. ಅವನ್ದು ಬೇಡ್ವಾ?" ಎಂದರು ಅಪ್ಪ.

"ಹಾಕ್ಕೊಂಡು ನೋಡ್ಲಾ ಅಂದೆ. ಫೋಟೋ ತೆಗೀರಿ ಅಂದ್ನಾ?"

ಹಾಕಿಕೊಂಡಳು. ತೋಳು ಬೆರಳುಗಳನ್ನೂ ಮುಚ್ಚಿತು. ನಗಲಿಲ್ಲ, ಯಾರೋ ಹೆಸರು ಕೂಗುವುದನ್ನು ಕಾಯುವವಳಂತೆ ನೆಟ್ಟಗೆ ನಿಂತಳು. ನಾನು ತ್ಯಾಗಿಯೆಂದು ತಿಳಿಯಬೇಡಿ. ಒಳಗೊಳಗೆ ಉರಿಯುತ್ತಲೇ ಅಪ್ಪನಿಂದ ಕ್ಯಾಮೆರಾ ಇಸಿದುಕೊಂಡು ಒತ್ತಿದೆ. ಹದಿಮೂರೇನಾದರೂ ಬಂದೀತೆಂದು ಮತ್ತೆ ತಿರುಗಿಸಿಯೂ ನೋಡಿದೆ. ಅಂಥ ತಲೆಗೇ ವಿಶ್ವವಿದ್ಯಾಲಯ ಪದವಿ ಕೊಟ್ಟಿದ್ದು.

ನಮ್ಮ ಹಜಾರದಲ್ಲಿ ಗೌನಿನ ಚಿತ್ರ ಅದೊಂದೇ. ಬಂದವರು ಕೇಳಿದಾಗಲೆಲ್ಲ ವರ್ಷಗಟ್ಟಲೆ ರೋಲಿನ ಲೆಕ್ಕ ವಿವರಿಸಿ, ಪಾಸಾದವನು ನಾನು ಎಂದು ತಿದ್ದುತ್ತಿದ್ದೆ. ನಿನ್ನೆ ಗ್ಯಾಸ್ ತಂದವನು ಸಿಲಿಂಡರ್ ಇಳಿಸಿ, ಗೋಡೆ ನೋಡಿ ಕೇಳಿದ: "ಇವ್ರು ಏನ್ ಓದಿದ್ರು ಸಾರ್?"

"ಬಿ.ಎಸ್ಸಿ. ಕಣಪ್ಪಾ," ಎಂದೆ. "ನಮ್ಮ ಮನೇಲಿ ಇವ್ರೇ ಮೊದಲು."